ತಡಿ ಮಾಮ ಮತ್ತು ತಂಗಿಯ ಕಾರಿನ ಬಾಗಿಲು

ಪದವಿ ಮುಗಿಸಿ, ಕಾರುಗಳಿಗೆ ಬಣ್ಣ ಹೊಡೆಯುವ ಶೆಡ್ಡಿನಲ್ಲಿ, ಯಾವ ಕಾರಿಗೆ ಏನು ಕೆಲಸ ಎಂಬ ಜಾಬ್ ಕಾರ್ಡ್ ಬರೆಯುವ ಕೆಲಸಕ್ಕೆ ಸೇರಿದ ದಿನ ನಾನು ಅವರನ್ನು ಮೊದಲು ನೋಡಿದ್ದು. ಒಂದು ಕಪ್ಪು ಕಾರಿನ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಎಡಗೈಯಲ್ಲಿ ಉದ್ದ ವೈರಿನ ಟ್ಯೂಬ್‌ಲೈಟ್, ಬಲಗೈ ಬೆರಳುಗಳ ನಡುವೆ ಎರಡೂ ತುದಿಗೆ ಟೇಪು ಸುತ್ತಿದ ಬ್ಲೇಡು. ಸರ್ಟಿಫಿಕೇಟುಗಳ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ನಾನು ಹಿಂದೆ ನಿಂತೆ.

"ಬೆಳಕಿಗೆ ಅಡ್ಡ ನಿಂತಿದ್ದೀರಿ" ಎಂದರು, ತಿರುಗಿ ನೋಡದೆ.

ಪಕ್ಕಕ್ಕೆ ಸರಿದೆ. ಬ್ಲೇಡು ಹಿಂದೆ ಮುಂದೆ ಸಣ್ಣಗೆ ಸರಸರ ಎನ್ನುತ್ತಿತ್ತು. ಆಮೇಲೆ ನೀರು ಚಿಮುಕಿಸಿ ನಯವಾದ ಉಪ್ಪುಕಾಗದದಿಂದ ಉಜ್ಜಿದರು, ಪಾಲಿಶ್ ಹಚ್ಚಿ ಒರೆಸಿದರು. "ಕೈಯಿಟ್ಟು ನೋಡಿ. ಬೆರಳಲ್ಲ, ಅಂಗೈ." ಇಟ್ಟೆ. ಏನೂ ಸಿಗಲಿಲ್ಲ. "ಅರ್ಧ ಗಂಟೆ ಹಿಂದೆ ಇಲ್ಲೊಂದು ಹನಿ ಇತ್ತು" ಎಂದರು. ನಮ್ಮ ಪರಿಚಯವಾದದ್ದು ಹೀಗೆ.

ಬಣ್ಣದ ಮೇಲೆ ಕೊನೆಗೆ ಹೊಡೆಯುವ ಕ್ಲಿಯರ್ ಕೋಟ್ ಗಾಜಿನಂಥ ಪದರ. ಒಂದು ಕಡೆ ದಪ್ಪವಾದರೆ ಮೇಣದಬತ್ತಿಯ ಮೇಣದಂತೆ ಇಳಿದು ಅಲ್ಲೇ ಗಟ್ಟಿಯಾಗುತ್ತದೆ. ಆ ಹನಿಯನ್ನು ತೆಗೆಯುವುದು ಅವರ ಕೆಲಸ. ಮೇಲೆ ಒಣಗಿದಂತೆ ಕಂಡರೂ ಹನಿಯ ಒಳಗೆ ಹಲವು ದಿನ ಹಸಿ ಇರುತ್ತದೆ. ಹಸಿಯಲ್ಲಿ ಬ್ಲೇಡು ಇಟ್ಟರೆ ಬಣ್ಣವೂ ಕಿತ್ತು ಬರುತ್ತದೆ. ಹಾಗಾಗಿ ಯಾರು ಎಷ್ಟೇ ಅವಸರ ಮಾಡಿದರೂ ಅವರ ಉತ್ತರ ಒಂದೇ: "ತಡಿ." ಶೆಡ್ಡಿನಲ್ಲಿ ಎಲ್ಲರೂ ಅವರನ್ನು ತಡಿ ಮಾಮ ಎನ್ನುತ್ತಿದ್ದರು.

ಶೆಡ್ಡಿನ ಹಿಂದಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಅಲ್ಲಿ ಇದ್ದದ್ದು ಒಂದೇ ಕುರ್ಚಿ. ಯಾರಾದರೂ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದ್ದೆ. "ನಾನು ನಿಂತ್ಕೋತೀನಿ. ಇದುವರೆಗೆ ಕಾಲು ನೋವೇನೂ ಬಂದಿಲ್ಲ" ಎಂದರು.

ತಂದೆತಾಯಿ ಹೋದ ಮೇಲೆ ತಂಗಿಯನ್ನು ಸಾಕಿದವರು ಇವರೇ. ಅವಳು ಒಬ್ಬನನ್ನು ಮದುವೆಯಾಗುತ್ತೇನೆ ಎಂದಾಗ, ಇನ್ನೊಂದು ವರ್ಷ ತಡಿ ಎಂದರಂತೆ. ಅವಳು ತಡೆಯಲಿಲ್ಲ, ಇವರು ಮದುವೆಗೆ ಹೋಗಲಿಲ್ಲ. ಒಂದೇ ಊರಿನಲ್ಲಿ ಹದಿನೈದು ವರ್ಷ ಮಾತಿಲ್ಲದೆ ಕಳೆಯಿತು.

ನಾನು ಸೇರಿ ನಾಲ್ಕು ವರ್ಷವಾದ ಮೇಲೆ ಒಂದು ಬೆಳಗ್ಗೆ ಅವಳೇ ಕೆಂಪು ಕಾರು ಓಡಿಸಿಕೊಂಡು ಬಂದಳು.

"ಏನಣ್ಣ, ಬದುಕಿದ್ದೀಯಾ?"

"ಇದ್ದೀನಿ. ಕೂತ್ಕೋ."

"ಎಲ್ಲಿ ಕೂತ್ಕೊಳ್ಲಿ, ಟೈರ್ ಮೇಲಾ?"

ನಾನು ಒಳಗಿನಿಂದ ಕುರ್ಚಿ ತಂದು ಹಾಕಿದೆ. ಅವಳು ಬೇರೆ ಕಡೆ ಬಣ್ಣ ಹೊಡೆಸಿದ್ದಳು. ಬಾಗಿಲ ಹಿಡಿಯ ಕೆಳಗೆ ಎರಡು ಹನಿ ಇಳಿದಿದ್ದವು.

"ಯಾವಾಗ ಹೊಡೆಸಿದ್ದು?"

"ಮೊನ್ನೆ. ನಾಳೆ ಬೆಳಗ್ಗೆ ಊರು ಬಿಡ್ತಿದ್ದೀವಿ, ನಮ್ಮ ಮನೆಯವರಿಗೆ ವರ್ಗ ಆಗಿದೆ. ಮೊದಲೇ ಹೇಳ್ತೀನಿ, ಆ ಒಂದು ಮಾತು ಮಾತ್ರ ಆಡಬೇಡ."

"ಯಾವ ಮಾತು?"

"ತಡಿ ಅನ್ನೋದು."

ಬಣ್ಣ ಹೊಡೆಯುವವನು ಮುಖಕ್ಕೆ ಕಟ್ಟಿದ್ದ ಮಾಸ್ಕಿನ ಒಳಗೇ ನಕ್ಕ. ತಡಿ ಮಾಮ ನಗಲಿಲ್ಲ. ಹೆಬ್ಬೆರಳಿನ ಉಗುರನ್ನು ಹನಿಯ ಬುಡಕ್ಕೆ ಒತ್ತಿದರು. ಗುರುತು ಉಳಿಯಿತು. ನಾನೂ ನೋಡಿದೆ. ಸ್ವಲ್ಪ ಹೊತ್ತು ಆ ಗುರುತನ್ನೇ ನೋಡಿ, "ಆಗುತ್ತೆ" ಎಂದರು.

ಮೊದಲ ಹನಿ ಹೇಗೋ ಸಮವಾಯಿತು. ಅವಳು ಮಾತಾಡುತ್ತಲೇ ಇದ್ದಳು: ಮಗಳು ಏಳನೇ ಕ್ಲಾಸು, ಹಟದಲ್ಲಿ ಥೇಟ್ ಮಾವನೇ, ಒಂದು ಸಲ ಬೇಡ ಅಂದರೆ ಮುಗಿಯಿತು. ನೀನು ಯಾಕೆ ಇಷ್ಟು ಸೊರಗಿದ್ದೀಯಾ. ಕೈ ನಿಲ್ಲಿಸದೆ ಅವರು ಎಲ್ಲದಕ್ಕೂ ಉತ್ತರ ಕೊಡುತ್ತಿದ್ದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಎರಡನೇ ಹನಿಯಲ್ಲಿ ಬ್ಲೇಡು ಸಿಕ್ಕಿಕೊಂಡಿತು. ಮೇಲಿನ ಸಿಪ್ಪೆ ಹರಿದು, ಒಳಗಿನ ಹಸಿ ಅಂಟು ಕೆಂಪು ಬಣ್ಣವನ್ನೂ ಎಳೆದುಕೊಂಡು ಬಂತು. ಉಗುರಿನಗಲ ಬೂದು ಬಣ್ಣದ ಅಡಿಪದರ ಕಂಡಿತು.

"ಏನಾಯ್ತು?"

"ನನ್ನ ತಪ್ಪು. ಇನ್ನೂ ಹಸಿ ಇತ್ತು. ಗೊತ್ತಿತ್ತು ನಂಗೆ."

"ಗೊತ್ತಿದ್ದೂ ಯಾಕೆ ಮಾಡ್ದೆ?"

ಅವರು ಬ್ಲೇಡನ್ನು ಬಟ್ಟೆಯಿಂದ ಒರೆಸಿದರು. "ನಿಂಗೆ ಇನ್ನೊಂದು ಸಲ ಆ ಮಾತು ಹೇಳೋಕೆ ಬಾಯಿ ಬರ್ಲಿಲ್ಲ."

ಅವಳು ಕುರ್ಚಿಯಿಂದ ಎದ್ದು ಬಾಗಿಲ ಹತ್ತಿರ ಬಗ್ಗಿದಳು. "ಸರಿ ಮಾಡೋಕೆ ಎಷ್ಟು ದಿನ ಬೇಕು?"

"ಪೂರ್ತಿ ಬಾಗಿಲು ಮತ್ತೆ ಹೊಡೀಬೇಕು. ಎಂಟು ದಿನ."

"ನನ್ನ ಹತ್ರ ಎಂಟು ದಿನ ಎಲ್ಲಿದೆ, ಅಣ್ಣ."

ಅವಳು ಬೈಯಲಿಲ್ಲ. ನೀರು ಇಳಿಯದಂತೆ ಅವರು ಆ ಜಾಗಕ್ಕೆ ಟೇಪು ಅಂಟಿಸಿ ಅಂಚುಗಳನ್ನು ಒತ್ತಿದರು. ಆಗಲೇ ಸರಿಯಾಗಿ ಅಂಟಿದ್ದ ಟೇಪನ್ನು ಮತ್ತೆ ಮತ್ತೆ ಒತ್ತಿದರು. ಅವಳು ಕಾರು ಶುರು ಮಾಡಿದಾಗ ಕಿಟಕಿಗೆ ಬಗ್ಗಿ, "ಬೇರೆಯವರ ಕೈಗೆ ಕೊಡಬೇಡ. ಬಿಡುವಾದಾಗ ತಗೊಂಡು ಬಾ" ಎಂದರು.

"ನೋಡೋಣ" ಎಂದಳು.

ಆರು ತಿಂಗಳ ಮೇಲೆ ಅವರಿಗೆ ತಂಗಿಯ ಫೋನ್ ಬಂತು. ಬಾಗಿಲನ್ನು ಹೊಸ ಊರಲ್ಲೇ ಒಬ್ಬರ ಹತ್ತಿರ ಮಾಡಿಸಿದೆ ಎಂದಳಂತೆ. "ಚೆನ್ನಾಗಿ ಬಂದಿದ್ಯಾ ಅಂತ ಕೇಳ್ದೆ. ಬಂದಿದೆ ಅಂದ್ಲು. ಒಳ್ಳೆ ಕೆಲಸಗಾರ ಇರಬೇಕು" ಎಂದು ನನಗೆ ಹೇಳಿ, ಬಕೆಟ್ಟಿನ ನೀರು ಬದಲಾಯಿಸಲು ಹೋದರು.

ಈಗ ಅವರಿಗೆ ಐವತ್ತೆಂಟು. ಅದೇ ಶೆಡ್ಡಿನಲ್ಲಿ ಕಾರುಗಳ ಮೇಲೆ ಇಳಿದ ಹನಿಗಳನ್ನು ತೆಗೆಯುತ್ತಾರೆ, ಹಿಂದಿನ ಕೋಣೆಯಲ್ಲಿ ಒಬ್ಬರೇ ಇದ್ದಾರೆ.