ಬಾಡಿಗೆ ಏರದ ಮನೆ

ಮೊನ್ನೆ ಮಗಳ ಮನೆಯಲ್ಲಿ ವರ್ಷದ ಖಾರಪುಡಿ ಮಾಡಿಸಲು ಒಣಮೆಣಸಿನಕಾಯಿ ಚೀಲ ಬಿಚ್ಚಿದರು. ಮಗಳು ಸೀನಿದಳು, ಅಳಿಯ ಸೀನಿದ, ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡು ಒಳಗೆ ಸೀನಿದರು. ನಾನು ಮಾತ್ರ ಚೀಲದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದೆ. "ಅಪ್ಪಾ, ನಿನಗೇನೂ ಆಗಂಗಿಲ್ಲೇನು?" ಎಂದಳು ಮಗಳು. ಏನಾಗಬೇಕು? ಮೆಣಸಿನಕಾಯಿಯ ಜೊತೆ ಒಂದೇ ಸೂರಿನಡಿ ಸಂಸಾರ ಮಾಡಿದವನು ನಾನು. ಆ ಘಾಟಿಗೆ ನನಗೆ ಸೀನು ಬರುವುದಿಲ್ಲ, ನಮ್ಮ ಹಳೆಯ ಮನೆ ಮಾಲಕರ ನೆನಪು ಬರುತ್ತದೆ...

ನಮ್ಮದು ಕುರುಗೋಡು. ನಾಲ್ಕನೇ ಕ್ಲಾಸಿಗೆ ಸಾಲೆ ಬಿಟ್ಟವನು. ಅದಕ್ಕೆ ನನಗೇನೂ ನಾಚಿಕೆಯಿಲ್ಲ. ಬಳ್ಳಾರಿಗೆ ಬಂದು, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ ಕಲಿತು, ಅರವತ್ತರ ದಶಕದ ಕೊನೆಯಲ್ಲಿ ಸ್ವಂತ ಅಂಗಡಿ ಹಾಕುವಷ್ಟಾದೆ. ಅಂಗಡಿಗೂ ಸಂಸಾರಕ್ಕೂ ಸೇರಿ ಒಂದೇ ಮನೆ ಬೇಕಿತ್ತು. ಸತ್ಯನಾರಾಯಣಪೇಟೆಯಲ್ಲಿ ಸಿಕ್ಕಿತು. ಬೀದಿಗೆ ಕಟ್ಟೆ, ಅದರ ಹಿಂದೆ ಪಡಸಾಲೆ, ಒಳಕೋಣೆ, ಅಡುಗೆಮನೆ. ಹಿಂದಿನ ಭಾಗದಲ್ಲಿ ಮಾಲಕರು ಮತ್ತು ಅವರ ಹೆಂಡತಿ. ಮಾಲಕರು ಹತ್ತಿ ಮಂಡಿಯಲ್ಲಿ ಗುಮಾಸ್ತರಾಗಿದ್ದು ಬಿಟ್ಟವರು. ಮಕ್ಕಳಿಲ್ಲ. ಸಿರುಗುಪ್ಪದ ಕಡೆಯಿಂದ ಪಾಲಿಗೆ ಬರುತ್ತಿದ್ದ ಒಂದಿಷ್ಟು ಭತ್ತ, ಈ ಬಾಡಿಗೆ, ಅಷ್ಟೇ ಅವರ ಆದಾಯ. ಆದರೂ ಓಣಿಯವರೆಲ್ಲ ಅವರನ್ನು ಸಾವ್ಕಾರ್ರು ಎನ್ನುತ್ತಿದ್ದರು. ಬಿಳಿ ಧೋತರ, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ... ನೋಡಿದವರಿಗೆ ಹಾಗೆ ಅನ್ನಿಸುತ್ತಿತ್ತು.

ತಿಂಗಳ ಬಾಡಿಗೆ ಅವರು ಇಪ್ಪತ್ತೈದು ಅಂದರು. ನಾನು ಹದಿನೈದು ಅಂದೆ. ಎಳೆದಾಡಿ ಇಪ್ಪತ್ತಕ್ಕೆ ಬಂದು ನಿಂತೆವು. ಅಲ್ಲಿಗೆ ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಬಿಸಿರಕ್ತದವನು, ಬಾಯಿ ತಡೆಯಲಿಲ್ಲ.

"ಇವತ್ತು ಇಪ್ಪತ್ತು ಅಂತೀರಿ ಸಾವ್ಕಾರ್ರೆ, ಮುಂದಿನ ಉಗಾದಿಗೆ ಮೂವತ್ತು ಅಂತೀರಿ. ಈ ಊರಿನ ಮಾಲಕರ ಮಾತು ನನಗೇನು ಗೊತ್ತಿಲ್ಲೇನು?"

ಮಾಲಕರ ಮುಖ ಕೆಂಪಾಯಿತು. ಕೊರಳ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಬಿಟ್ಟರು. "ಲೇ ತಮ್ಮಾ, ಯಾರ ಮುಂದ ಮಾತಾಡಾಕತ್ತೀಯಲೇ? ನೀ ಈ ಮನ್ಯಾಗ ಇರೂತನ ಇಪ್ಪತ್ತು ರೂಪಾಯಿನ! ಒಂದು ಪೈಸೆ ಏರಿಸಿದ್ರ ಕೇಳು. ಈ ಲಿಂಗದ ಮ್ಯಾಲ ಆಣಿ!"

ಆಗ ಅದು ಒಳ್ಳೆಯ ಬಾಡಿಗೆಯೇ. ಬಾಗಿಲ ಹಿಂದೆ ನಿಂತಿದ್ದ ಅವರ ಹೆಂಡತಿ ಕೂಡ ತಲೆಯಾಡಿಸಿದರು.

ಆಮೇಲೆ ಬಳ್ಳಾರಿ ಬೆಳೆಯಿತು. ಆಸ್ಪತ್ರೆಗಳು ಬಂದವು, ಆಫೀಸುಗಳು ಬಂದವು, ವರ್ಗವಾಗಿ ಬಂದ ನೌಕರರು ಬಾಡಿಗೆ ಎಷ್ಟು ಅಂತ ಕೇಳುವ ಮೊದಲೇ ಅಡ್ವಾನ್ಸ್ ಕೈಗಿಡತೊಡಗಿದರು. ಅಕ್ಕಿ ಏರಿತು, ಸೀಮೆಎಣ್ಣೆ ಏರಿತು. ಗಾಂಧಿನಗರದಲ್ಲಿ ಇಂಥದೇ ಮನೆಗೆ ಐವತ್ತು ಆಯಿತು, ನೂರು ಆಯಿತು, ನೂರಾ ಐವತ್ತು ಆಯಿತು. ನಾನು ಇಪ್ಪತ್ತು ಕೊಡುತ್ತಲೇ ಇದ್ದೆ. ಮಾಲಕರ ಹೆಂಡತಿ ಯಾರ ಮನೆಗೆ ಅರಿಶಿನ ಕುಂಕುಮಕ್ಕೆ ಹೋದರೂ ಆ ಮನೆಯ ಬಾಡಿಗೆ ಕೇಳಿಕೊಂಡು ಬಂದು ಗಂಡನ ಮುಂದೆ ಒಪ್ಪಿಸುತ್ತಿದ್ದರು. ಆ ಅಮ್ಮನಿಗೆ ಸಿಟ್ಟು ಬಂದರೆ ಕನ್ನಡ ಸಾಲುತ್ತಿರಲಿಲ್ಲ, ತೆಲುಗಿಗೆ ಇಳಿಯುತ್ತಿದ್ದರು. ಗೋಡೆಯಾಚೆ ತೆಲುಗು ಶುರುವಾಯಿತೆಂದರೆ, ಊರಲ್ಲಿ ಎಲ್ಲೋ ಬಾಡಿಗೆ ಏರಿದೆ ಎಂದು ನಾವು ತಿಳಿದುಕೊಳ್ಳುತ್ತಿದ್ದೆವು.

ಪುಕ್ಕಟೆ ಬದುಕುವ ಜಾತಿಯವನಲ್ಲ ನಾನು. ಒಂದು ತಿಂಗಳು ಐವತ್ತು ತೆಗೆದುಕೊಂಡು ಹೋಗಿ ಕೊಟ್ಟೆ. ಮಾಲಕರು ಹಾವು ಮುಟ್ಟಿದವರ ಹಾಗೆ ಕೈ ಹಿಂದೆ ಎಳೆದುಕೊಂಡರು. "ನನ್ನ ಆಣಿ ಮುರಿಸಾಕ ಬಂದೀಯೇನಲೇ?" ಎಂದು ಬೈದು, ಇಪ್ಪತ್ತು ಇಟ್ಟುಕೊಂಡು ಉಳಿದದ್ದನ್ನು ನನ್ನ ಅಂಗಿ ಜೇಬಿಗೆ ತುರುಕಿದರು.

ಆದರೆ ಹೊಟ್ಟೆ ಕೇಳಬೇಕಲ್ಲ? ಅವರೇ ಒಂದು ದಾರಿ ಹುಡುಕಿದರು. ಬಾಡಿಗೆ ಏರಿಸುವ ಹಾಗಿಲ್ಲ, ಮನೆ ಇಳಿಸಬಹುದು. ಒಂದು ದಿನ ಬಂದು, ಅರ್ಧ ಕಟ್ಟೆಯನ್ನು ಹೂ ಮಾರುವವಳಿಗೆ ಕೊಟ್ಟಿರುವುದಾಗಿ ತಿಳಿಸಿದರು. ನಾನು ಮುಖ ನೋಡಿದೆ. "ಬಾಡಗಿ ಏರಿಸೀನೇನು? ಇಲ್ಲ. ಮನಿ ಒಂಚೂರು ಸಣ್ಣದಾಗೈತಿ, ಅಷ್ಟ" ಎಂದರು. ಎರಡು ವರ್ಷದ ಮೇಲೆ ಉಳಿದರ್ಧ ಕಟ್ಟೆ ಸೈಕಲ್ ಪಂಕ್ಚರ್ ಹಾಕುವವನ ಪಾಲಾಯಿತು. ಅದಾದ ಮೇಲೆ ಒಳಕೋಣೆ. ಮೆಣಸಿನಕಾಯಿ ಮಂಡಿಯವರು ಚೀಲ ಇಡಲು ಜಾಗ ಹುಡುಕುತ್ತಿದ್ದರಂತೆ.

ಹೀಗೆ ನಮ್ಮ ಒಳಕೋಣೆಗೆ ಮೆಣಸಿನಕಾಯಿ ಬಂದು ಸೂರಿನ ತನಕ ಕುಳಿತಿತು. ನನಗಿಂತ ಹೆಚ್ಚು ಬಾಡಿಗೆ ಕೊಡುತ್ತಿತ್ತು. ಹಾಗಾಗಿ ಮಾಲಕರು ಅದಕ್ಕೆ ನನಗಿಂತ ಹೆಚ್ಚು ಮರ್ಯಾದೆಯನ್ನೂ ಕೊಡುತ್ತಿದ್ದರು, ದಿನಾ ಬಂದು ಸವರಿ ನೋಡುವರು. "ಬೀಗರು ಬಂದಂಗ ಬಂದು ಕುಂತಾವ, ಹೋಗು ಅನ್ನಂಗೂ ಇಲ್ಲ" ಎಂದು ನನ್ನ ಹೆಂಡತಿ ಸೀನುತ್ತ ಅಡುಗೆ ಮಾಡುತ್ತಿದ್ದಳು. ಸಿರುಗುಪ್ಪದಿಂದ ರೈತರೊಬ್ಬರು ಸುಟ್ಟ ಮೋಟಾರು ಹೊತ್ತು ತಂದರು. "ಏನಾಗೈತ್ರಿ?" ಎಂದೆ. "ನಿನ್ನೆ ಹೊಳಿ ದಂಡ್ಯಾಗ ಚಾಲು ಮಾಡಿದ್ವಿ, ಒಮ್ಮಿಗೇ..." ಎಂದವರು ಸೀನಿದರು. ಮತ್ತೆ "ಒಮ್ಮಿಗೇ..." ಮತ್ತೆ ಸೀನು. ಕೊನೆಗೆ ಮೋಟಾರು ಬಿಟ್ಟು ಬೀದಿಗೆ ಓಡಿ, ಅಲ್ಲಿಂದಲೇ ಕೂಗಿ ಹೇಳಿದರು.

ಮನೆ ಯಾಕೆ ಬಿಡಲಿಲ್ಲ ಎಂದು ಕೇಳಬಹುದು. ಗಿರಾಕಿಗಳಿಗೆ ಆ ಬಾಗಿಲು ರೂಢಿಯಾಗಿತ್ತು, ಅದೊಂದು. ಮೆಣಸಿನಕಾಯಿಗೆ ಹೆದರಿ ಓಡಿದ ಅನ್ನಿಸಿಕೊಳ್ಳಲು ನಾನು ತಯಾರಿರಲಿಲ್ಲ, ಅದು ಇನ್ನೊಂದು.

ಆದರೆ ಇದು ಬರೀ ನಗುವ ಮಾತಾಗಿ ಉಳಿಯಲಿಲ್ಲ. ಅವರ ಭಾಗದ ಮಣ್ಣಿನ ಮಾಳಿಗೆ ಹಳೆಯದು. ತೊಲೆಗೆ ಗೆದ್ದಲು ಹಿಡಿದಿತ್ತು. ರಿಪೇರಿಗೆ ಅವರ ಹತ್ತಿರ ದುಡ್ಡಿಲ್ಲ. ನಾನು ಮಾಡಿಸುತ್ತೇನೆ ಅಂದರೆ, "ಅದೂ ಬಾಡಗಿ ಏರಿಸಿದಂಗ" ಎಂದು ತಳ್ಳಿಹಾಕಿದರು. ಒಂದು ಮಳೆಗಾಲದಲ್ಲಿ ಮಾಳಿಗೆಯ ಒಂದು ಮೂಲೆ ಮಾಲಕರ ಹೆಂಡತಿಯ ಮಂಚದ ಕಾಲ ಬಳಿ ಕುಸಿದು ಬಿತ್ತು. ಮರುದಿನ ಆ ಅಮ್ಮ ನಮ್ಮ ಪಡಸಾಲೆಗೆ ಬಂದು ನೆಲದ ಮೇಲೆ ಕುಳಿತರು. ತೆಲುಗು ಇರಲಿಲ್ಲ. ಕನ್ನಡವೂ ಮೆಲ್ಲಗಿತ್ತು.

"ತಮ್ಮಾ, ನೀ ಈ ಮನ್ಯಾಗ ಇರೂತನ ಅಂತಲ್ಲ ಅವ್ರು ಆಣಿ ಮಾಡಿದ್ದು? ಒಮ್ಮಿ ಬಿಟ್ಟು ಹೋಗು. ನಿಮ್ಮೂರಾಗ ನಾಕು ದಿನ ಇದ್ದು, ಹೊಸಬರಂಗ ಬಾ."

ಮಾಲಕರು ಮಠದ ಅಯ್ಯನವರನ್ನು ಕೇಳಿಕೊಂಡು ಬಂದು ಒಪ್ಪಿದರು. ಒಂದು ಷರತ್ತು: ಬಿಟ್ಟರೆ ಪೂರಾ ಬಿಡಬೇಕು, ಸುಳ್ಳು ನಡೆಯುವುದಿಲ್ಲ. ಮೋಟಾರು, ತಂತಿ, ಪಾತ್ರೆ ಪಗಡೆ ಎಲ್ಲ ಬಂಡಿಗೆ ಹೇರಿದೆವು. ಮಾಲಕರು ಖಾಲಿ ಮನೆಯ ಮೂಲೆ ಮೂಲೆ ತಡಕಿ, ಒಂದು ತುಕ್ಕು ಹಿಡಿದ ಬೋಲ್ಟ್ ಹುಡುಕಿ ತಂದು ನನ್ನ ಕೈಗಿಟ್ಟರು. "ಇದು ಉಳಿದ್ರ ನೀ ಇನ್ನಾ ಇದ್ದಂಗಲೇ." ಬಂಡಿ ತಿರುವಿನಲ್ಲಿ ಮರೆಯಾಗುವ ತನಕ ಬಾಗಿಲಲ್ಲೇ ನಿಂತಿದ್ದರು. ನಾಟಕ ಎಂದು ಗೊತ್ತಿದ್ದರೂ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡರಂತೆ. ಹೂವಿನವಳು ಹೇಳಿದ್ದು.

ನಾಲ್ಕು ದಿನ ಕುರುಗೋಡಿನಲ್ಲಿದ್ದು ಹಿಂದಿರುಗಿದೆ. ಕಟ್ಟೆಯ ಮೇಲೆ ಮಾಲಕರು ಗುರುತೇ ಇಲ್ಲದವರ ಹಾಗೆ ಬಿಗಿಯಾಗಿ ಕುಳಿತಿದ್ದರು.

"ಯಾವೂರಪ್ಪ?" ಎಂದರು.

"ಕುರುಗೋಡ್ರಿ. ಮನಿ ಬಾಡಗಿಗಿ ಐತಂತ ಕೇಳಿ ಬಂದೀನಿ. ಇನ್ನೂರು ಕೊಡ್ತೀನಿ."

ಬಾಗಿಲ ಸಂದಿಯಲ್ಲಿ ಅಮ್ಮ ಎರಡು ಬೆರಳು ಎತ್ತಿ, ಹೂಂ ಹೂಂ ಎಂದು ಸನ್ನೆ ಮಾಡುತ್ತಿದ್ದರು. ಮಾಲಕರು ಸಿಡಿದೆದ್ದರು. "ಇನ್ನೂರಾ? ಇದೇನು ಅರಮನಿಯೇನಲೇ? ಬಚ್ಚಲದಾಗ ನೀರು ನಿಲ್ತೈತಿ, ಬಾಗಲಕ್ಕ ಚಿಲಕ ನೆಟ್ಟಗಿಲ್ಲ. ಎಂಬತ್ತು."

"ನೂರಾ ಎಂಬತ್ತಕ್ಕ ಕಡಿಮಿ ಆದ್ರ ನನಗ ಬ್ಯಾಡ್ರಿ. ಬ್ಯಾರೆ ಮನಿ ನೋಡ್ತೀನಿ."

"ನೋಡ್ಕೋ ಹೋಗು! ತೊಂಬತ್ತು!"

ಪಂಕ್ಚರಿನವನು ಕೆಲಸ ಬಿಟ್ಟು ನೋಡುತ್ತ ನಿಂತ. ಬಾಡಿಗೆದಾರ ಏರಿಸುತ್ತಾನೆ, ಮಾಲಕ ಇಳಿಸುತ್ತಾನೆ, ಇಂಥ ಚೌಕಾಸಿಯನ್ನು ಬಳ್ಳಾರಿ ಕಂಡಿರಲಿಕ್ಕಿಲ್ಲ. ಕೂಗಾಡಿ ಕೂಗಾಡಿ ನೂರಾ ಇಪ್ಪತ್ತಕ್ಕೆ ಬಂದೆವು. ನಾನು ಗೆಲ್ಲುವ ಹುಮ್ಮಸ್ಸಿನಲ್ಲಿ, "ಇನ್ನಾ ಸ್ವಲ್ಪ ಏರ್‍ರಿ ಸಾವ್ಕಾರ್ರೆ" ಎಂದೆ. ಅಷ್ಟೇ. ಅವರ ಕೈ ಕೊರಳಿಗೆ ಹೋಯಿತು. "ಏನ್ರಿ, ಬ್ಯಾಡ!" ಎಂದು ಅಮ್ಮ ಒಳಗಿನಿಂದ ಓಡಿ ಬಂದರು. ಅವರು ಬಂದು ಬಾಯಿ ಮುಚ್ಚುವಷ್ಟರಲ್ಲಿ ಮಾತು ಹೊರಬಿದ್ದಾಗಿತ್ತು.

"ನೀ ಇರೂತನ ನೂರಾ ಇಪ್ಪತ್ತ! ಲಿಂಗದ ಮ್ಯಾಲ ಆಣಿ!"

ಆ ದಿನದ ತೆಲುಗನ್ನು ನಾನು ಇಲ್ಲಿ ಬರೆಯಲಾರೆ.

ಅಡ್ವಾನ್ಸ್ ಎಂದು ನಾನು ಕೊಟ್ಟ ದುಡ್ಡಲ್ಲಿ ಮಾಳಿಗೆ ಆಯಿತು. ಮೆಣಸಿನಕಾಯಿ ಮಂಡಿಗೆ ವಾಪಸು ಹೋಯಿತು. ಮತ್ತೆ ಊರಿನ ಬಾಡಿಗೆಗಳು ಏರಿದವು, ಮುನ್ನೂರು ದಾಟಿ ನಾನೂರರ ಹತ್ತಿರ ಬಂದವು. "ತಮ್ಮಾ, ಊರಿಗಿ ಹೋಗಿ ಭಾಳ ದಿನ ಆತಲ್ಲ?" ಎಂದು ಅಮ್ಮ ನಗುತ್ತ ಕೇಳಿದರು. ದೀಪಾವಳಿ ಆಗಲಿ ಎಂದೆ. ದೀಪಾವಳಿಗೆ ಮೊದಲೇ ಒಂದು ಬೆಳಿಗ್ಗೆ ಪೂಜೆ ಮುಗಿಸಿ ಕಟ್ಟೆಗೆ ಬಂದು ಕುಳಿತ ಮಾಲಕರು ಏಳಲಿಲ್ಲ...

ಮುಂದಿನ ತಿಂಗಳು ಅಮ್ಮನ ಕೈಗೆ ಮುನ್ನೂರು ಕೊಟ್ಟೆ. ನೂರಾ ಇಪ್ಪತ್ತು ತೆಗೆದುಕೊಂಡು ಉಳಿದದ್ದನ್ನು ನನ್ನ ಮೇಜಿನ ಮೇಲೆ ಇಟ್ಟರು. ಇಷ್ಟು ವರ್ಷ ಆ ಆಣೆಯನ್ನು ಬೈದವರು ಇವರೇ. "ಅಮ್ಮಾರೆ, ಮತ್ತ ಕುರುಗೋಡಿಗಿ ಹೋಗಿ ಬರ್ತೀನಿ, ಹೊಸಬ ಆಗ್ತೀನಿ" ಎಂದೆ.

"ಬಂದು ಯಾರ್ ಜತಿ ಚೌಕಾಸಿ ಮಾಡ್ತಿ ತಮ್ಮಾ? ಆ ಲಿಂಗ ಅವ್ರ ಅಂಗೈಯಾಗ ಮಣ್ಣಾಗೈತಿ. ಆ ಆಣಿ ಬಿಡಿಸಾಕ ನಾ ಯಾರ್ನ ಕೇಳ್ಲಿ?"

ಎರಡು ತಿಂಗಳು ನೋಡಿದೆ, ಅಮ್ಮ ಕೆಲವು ಸಂಜೆ ಒಲೆ ಹಚ್ಚುತ್ತಿರಲಿಲ್ಲ. ನಾನು ಆ ಮನೆಯಲ್ಲಿರುವ ತನಕ ಅದಕ್ಕೆ ನೂರಾ ಇಪ್ಪತ್ತೇ. ಅಂಗಡಿಗೆ ಜಾಗ ಸಾಲದು ಎಂದು ಓಣಿಗೆಲ್ಲ ಹೇಳಿ, ಮನೆ ಬಿಟ್ಟೆ. ಅಮ್ಮ ನಂಬಲಿಲ್ಲ. ಬಂಡಿಯ ಮುಂದೆ ನಿಂತು ತೆಲುಗಿನಲ್ಲಿ ಬೈದರು, ನನ್ನನ್ನು ನೇರವಾಗಿ ಬೈದದ್ದು ಅದೊಂದೇ ಸಲ. ಆಮೇಲೆ ಬ್ಯಾಂಕಿನವರೊಬ್ಬರು ನಾನೂರು ಕೊಟ್ಟು ಬಂದರು ಎಂದು ಕೇಳಿದೆ. ಗಿರಾಕಿಗಳು ಹೊಸ ಜಾಗ ಹುಡುಕಿಕೊಂಡು ಬರಲು ವರ್ಷ ಹಿಡಿಯಿತು. ಇರಲಿ.

ಈಗ ಅಮ್ಮನೂ ಇಲ್ಲ, ಆ ಮನೆಯೂ ಇಲ್ಲ. ಅಲ್ಲಿ ಯಾರದೋ ಮೂರಂತಸ್ತಿನ ಕಟ್ಟಡ ಎದ್ದಿದೆ. ನಾನೂ ಮಾಲಕನಾಗಿದ್ದೇನೆ, ನನ್ನ ಸ್ವಂತ ಮನೆಯ ಮೇಲಿನ ಭಾಗ ಬಾಡಿಗೆಗೆ ಕೊಡುತ್ತೇನೆ. ಹನ್ನೊಂದು ತಿಂಗಳ ಕರಾರು, ವರ್ಷಕ್ಕಿಷ್ಟು ತಾನಾಗಿಯೇ ಏರುತ್ತದೆ. ಹೋದ ತಿಂಗಳು ಹೊಸ ಹುಡುಗನೊಬ್ಬ ಮನೆ ನೋಡಲು ಬಂದ. ಎದುರಿಗೆ ಕೂರಿಸಿಕೊಂಡು ಬಾಡಿಗೆ ಹೇಳಿದೆ, ಬೇಕೆಂದೇ ಸ್ವಲ್ಪ ಹೆಚ್ಚಾಗಿ. ಅವನು "ಆಯ್ತು ಸರ್" ಎಂದ. ಚೌಕಾಸಿ ಮಾಡಲಿಲ್ಲ. ಇನ್ನೊಂದು ಮಾತು ಬರಬಹುದೆಂದು ನಾನು ಮುಂದಕ್ಕೆ ಬಾಗಿ ಕುಳಿತೇ ಇದ್ದೆ. ಅವನು ಕೀಲಿ ತೆಗೆದುಕೊಂಡು ಮೆಟ್ಟಿಲು ಹತ್ತಿ ಹೋದ.