ಏಳು ಸಲ ಬಣ್ಣ ಕಂಡ ಕೋಣೆ

ಆರ್ಡಿಸ್ ಕ್ವಾಮೆಯ ಮನೆಯ ಹಿಂಬದಿಯ ಕೋಣೆಗಿರುವ ಕಿಟಕಿಯನ್ನು ಕೌಂಟಿಯವರು ಈವರೆಗೆ ಐದು ಸಲ ಅಳೆದಿದ್ದಾರೆ. ಐದು ಸಲವೂ ಅದು ಅಷ್ಟೇ ಇತ್ತು. ಆದರೂ ಎರಡು ವರ್ಷಕ್ಕೊಮ್ಮೆ ಅಳೆಯಲೇಬೇಕು. ಬೆಂಕಿ ಬಿದ್ದರೆ ಮಗುವೊಂದು ಅದರಿಂದ ಹೊರಗೆ ದಾಟಬಹುದು ಎಂದು ಕೌಂಟಿಗೆ ಖಾತರಿಯಾಗಬೇಕು. ವಿಸ್ಕಾನ್ಸಿನ್ನಿನ ಈ ಮೂಲೆಯಲ್ಲಿ ನಮಗೆ ದೇವರಿಗಿಂತ ಹತ್ತಿರದ್ದು ಕೌಂಟಿ, ಅಂದರೆ ಜಿಲ್ಲಾಡಳಿತ. ರಸ್ತೆಯ ಹಿಮ ತಳ್ಳುವುದು ಅದೇ, ನಾಯಿಗೆ ಬಿಲ್ಲೆ ಕೊಡುವುದು ಅದೇ, ಹೆತ್ತವರ ಬಳಿ ಇರಲಾಗದ ಮಕ್ಕಳನ್ನು ತಂದು ಬೇರೊಬ್ಬರ ಮನೆಯಲ್ಲಿ ಇಡುವುದೂ ಅದೇ. ಎಲ್ಲಕ್ಕೂ ಒಂದೇ ಕಟ್ಟಡ, ಒಂದೇ ಕಾಫಿ ಯಂತ್ರ. ಕಾಫಿಯ ರುಚಿ ನೋಡಿದವರಿಗೆ ಮಿಕ್ಕ ಕೆಲಸಗಳ ಬಗ್ಗೆ ಸ್ವಲ್ಪ ಹೆದರಿಕೆಯಾಗುತ್ತದೆ.

ನಾನು ಕ್ವಾಮೆ ದಂಪತಿಯ ಪಕ್ಕದ ಜಮೀನಿನವನು. ಮಕ್ಕಳನ್ನು ಇಟ್ಟುಕೊಳ್ಳುವ ಮನೆಗೆ ಪರವಾನಗಿ ಬೇಕು, ಪರವಾನಗಿಗೆ ನೆರೆಯವರ ಸಾಕ್ಷಿ ಬೇಕು. ಹಾಗಾಗಿ ಎರಡು ವರ್ಷಕ್ಕೊಮ್ಮೆ ನನಗೊಂದು ಅರ್ಜಿ ನಮೂನೆ ಬರುತ್ತದೆ. 'ಅರ್ಜಿದಾರರಿಗೆ ತಾಳ್ಮೆ ಇದೆಯೇ?' ಎಂಬ ಪ್ರಶ್ನೆಗೆ ನಾನು, 'ಆರ್ಡಿಸ್ ಓರಿನ್‌ನನ್ನು ಮದುವೆಯಾಗಿ ಮೂವತ್ತೊಂಬತ್ತು ವರ್ಷವಾಯಿತು' ಎಂದು ಬರೆಯುತ್ತೇನೆ, ಸಲಕ್ಕೆ ಎರಡು ವರ್ಷ ಕೂಡಿಸುತ್ತಾ. ಕೌಂಟಿ ಒಮ್ಮೆಯೂ ಹೆಚ್ಚಿನ ವಿವರಣೆ ಕೇಳಿಲ್ಲ.

ಆರ್ಡಿಸ್ ಶಾಲೆಯ ಅಡುಗೆಮನೆಯಲ್ಲಿ ದೊಡ್ಡ ಸೌಟು ಹಿಡಿದು ಇಡೀ ಊರಿನ ಮಕ್ಕಳನ್ನು ಸಾಕಿದವಳು. ಸ್ವಂತ ಮಕ್ಕಳಿಲ್ಲ. ಓರಿನ್ ಹಾಲಿನ ಲಾರಿ ಓಡಿಸುತ್ತಿದ್ದ. ಅವರ ಮನೆಗೆ ಕೌಂಟಿ ಕಳಿಸಿದ್ದು ಒಂದೇ ಒಂದು ಮಗುವನ್ನು: ಮಾರ್ನಿ, ಐದು ವರ್ಷ. ಬೆಣ್ಣೆ ಹಾಕಿದ ಶಾವಿಗೆ ಬಿಟ್ಟು ಇನ್ನೇನನ್ನೂ ಮುಟ್ಟುತ್ತಿರಲಿಲ್ಲ. ತನ್ನ ಕೆಂಪು ಬೂಟುಗಳನ್ನು ಹಾಸಿಗೆಯ ಮೇಲೆ, ಮೂತಿ ಬಾಗಿಲ ಕಡೆ ಮಾಡಿ ಇಟ್ಟುಕೊಂಡೇ ಮಲಗುತ್ತಿದ್ದಳು. ಯಾರಾದರೂ ಎಬ್ಬಿಸಿ ಹೊರಡು ಎಂದರೆ ತಡವಾಗಬಾರದಲ್ಲ. ಬೂಟುಗಳು ಹಾಸಿಗೆಯಿಂದಿಳಿದು ಹಿಂಬಾಗಿಲಿನ ಪಕ್ಕಕ್ಕೆ ಬರಲು ಆರು ತಿಂಗಳು ಹಿಡಿಯಿತು. ಆಮೇಲೆ ಗೋಡೆಯ ಮೇಲೆ ಬಣ್ಣದ ಕಡ್ಡಿಯಿಂದ ಓರಿನ್‌ನ ಲಾರಿ ಬರೆದಳು, ಹದಿನೇಳು ಚಕ್ರ ಹಾಕಿ. "ಒಂದು ಚಕ್ರ ಕಮ್ಮಿ ಆಯ್ತಲ್ಲೇ" ಎಂದ ಓರಿನ್. "ಅದು ಪಂಕ್ಚರ್ ಅಂಗಡೀಲಿದೆ" ಎಂದಳು.

ಹದಿನಾಲ್ಕು ತಿಂಗಳಾದ ಮೇಲೆ ಅವಳ ತಾಯಿ ಕುಡಿತ ಬಿಟ್ಟು, ಕೆಲಸ ಹಿಡಿದು, ನ್ಯಾಯಾಧೀಶರ ಮುಂದೆ ನೆಟ್ಟಗೆ ನಿಂತಳು. ಮಾರ್ನಿ ಮನೆಗೆ ಹೋದಳು. ಕೌಂಟಿಯ ಇಡೀ ವ್ಯವಸ್ಥೆ ಇರುವುದೇ ಇಂಥ ದಿನಕ್ಕಾಗಿ. ಕಚೇರಿಯವರು ಕೇಕ್ ತಂದಿದ್ದರು. ಆರ್ಡಿಸ್ ಅದನ್ನು ಎಲ್ಲರಿಗೂ ಸಮನಾಗಿ ಕತ್ತರಿಸಿ ಕೊಟ್ಟಳು. ಜೂನ್ ತಿಂಗಳು, ಬೂಟು ಬೇಕಾಗದ ಬೇಸಿಗೆ. ಬೂಟುಗಳು ಹಿಂಬಾಗಿಲಿನ ಪಕ್ಕದಲ್ಲೇ ಉಳಿದುಹೋದವು. ಹಾಸಿಗೆಯ ಮೇಲೆಯೇ ಇದ್ದಿದ್ದರೆ ಆ ಹುಡುಗಿ ಮರೆಯುತ್ತಿರಲಿಲ್ಲ.

ಅಂದು ಕಾರು ಹತ್ತುವಾಗ ಕೌಂಟಿಯ ಪೆಗ್ ಲುಬಿನ್ ಹೇಳಿದ ಒಂದು ಮಾತೇ ಇಷ್ಟಕ್ಕೆಲ್ಲ ಕಾರಣ. "ಹಾಗಾಗದಿರಲಿ ಆರ್ಡಿಸ್. ಆದ್ರೆ ಯಾವತ್ತಾದ್ರೂ ಇವಳನ್ನ ಮತ್ತೆ ಕರ್ಕೊಂಡು ಬರ್ಬೇಕಾಗಿ ಬಂದ್ರೆ, ಮೊದಲ ಫೋನು ನಿಂಗೇ. ಪರವಾನಗಿ ಜೀವಂತ ಇರ್ಬೇಕು, ಹಾಸಿಗೆ ಖಾಲಿ ಇರ್ಬೇಕು, ಅಷ್ಟೇ."

ಆರ್ಡಿಸ್ ಎಂಟು ವರ್ಷ ಪರವಾನಗಿಯನ್ನು ಜೀವಂತ ಇಟ್ಟಳು. ಬಾವಿಯ ನೀರನ್ನು ಪರೀಕ್ಷೆಗೆ ಕಳಿಸಿದಳು. ನಾಯಿಗೆ ಸೂಜಿ ಹಾಕಿಸಿದಳು. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕೂತು, ಹದಿಹರೆಯದವರ ಕೋಪದ ಬಗ್ಗೆ ತನಗಿಂತ ಮೂವತ್ತು ವರ್ಷ ಚಿಕ್ಕವನೊಬ್ಬ ಕೊಟ್ಟ ಉಪನ್ಯಾಸವನ್ನು ಟಿಪ್ಪಣಿ ಸಮೇತ ಕೇಳಿದಳು. ವರ್ಷಕ್ಕೆರಡು ಸಲ ಬೆಂಕಿಯ ತಾಲೀಮು ನಡೆಸಬೇಕೆಂಬುದು ನಿಯಮ. ಮಕ್ಕಳಿಲ್ಲದ ಮನೆಯಲ್ಲಿ ಗಂಡಹೆಂಡತಿ ಇಬ್ಬರೇ ಸೀಟಿ ಊದಿಕೊಂಡು ಆ ಕಿಟಕಿಯಿಂದ ಹೊರಗೆ ಇಳಿಯುತ್ತಿದ್ದರು. ನನ್ನ ಕೊಟ್ಟಿಗೆಯಿಂದ ಅದು ಚೆನ್ನಾಗಿ ಕಾಣುತ್ತದೆ.

"ಎರಡು ನಿಮಿಷ ಹತ್ತು ಸೆಕೆಂಡು!" ಆರ್ಡಿಸ್ ಹಿಮದಲ್ಲಿ ನಿಂತು ಗಡಿಯಾರ ನೋಡುತ್ತಿದ್ದಳು. "ಇಷ್ಟೊತ್ತಿಗೆ ನೀನು ಸುಟ್ಟು ಬೂದಿಯಾಗಿರ್ತಿದ್ದೆ."

"ಆಗಿದ್ರೆ ಬೆಚ್ಚಗಾದ್ರೂ ಇರ್ತಿದ್ದೆ ಕಣೇ," ಎನ್ನುತ್ತಿದ್ದ ಓರಿನ್, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ.

ಕೌಂಟಿ ಬೇರೆ ಮಕ್ಕಳಿಗಾಗಿ ಕೇಳಲಿಲ್ಲವೆಂದಲ್ಲ. ಕೇಳಿದಾಗಲೆಲ್ಲ ಆರ್ಡಿಸ್, "ಕೋಣೆಗೆ ಬಣ್ಣ ಹೊಡೀತಿದೀವಿ, ವಾಸನೆ ಹೋಗಿಲ್ಲ," ಎನ್ನುತ್ತಿದ್ದಳು. ಪೆಗ್ ಅದನ್ನು ನಗದೆ ಕಡತದಲ್ಲಿ ಬರೆದುಕೊಳ್ಳುತ್ತಿದ್ದಳು. ಬದಲಿಗೆ ಆರ್ಡಿಸ್ ಪ್ರತಿ ಭೇಟಿಯಲ್ಲೂ ರೂಬಾರ್ಬ್ ದಂಟಿನ ಸಿಹಿ ಪೈ ಮುಂದಿಟ್ಟು, "ಮಾರ್ನಿ ಹೇಗಿದಾಳೆ?" ಎನ್ನುತ್ತಿದ್ದಳು. "ಹೇಳೋ ಹಾಗಿಲ್ಲ, ಗೊತ್ತಲ್ಲ," ಎಂದು ಪೆಗ್ ಪೈ ತಿನ್ನುತ್ತಿದ್ದಳು. ಫೋನು ಬರಲಿಲ್ಲವೆಂದರೆ ಹುಡುಗಿ ಚೆನ್ನಾಗಿದ್ದಾಳೆ. ಫೋನು ಬಂತೆಂದರೆ ಆ ಮನೆಯಲ್ಲಿ ಏನೋ ಮುರಿದಿದೆ. ಆರ್ಡಿಸ್ ಎಂಟು ವರ್ಷ ಕಾದದ್ದು ಆ ಫೋನಿಗೆ.

ಕಳೆದ ಶರತ್ಕಾಲದಲ್ಲಿ ಕಚೇರಿಗೆ ಹೊಸ ಮೇಲಧಿಕಾರಿ ಬಂದ. ಬ್ರೆಂಟ್ ಹಾಸಲ್, ಮೂವತ್ನಾಲ್ಕು ವರ್ಷ. ಬಂದ ವಾರವೇ ಹಳೆಯ ಪರವಾನಗಿ ಕಡತಗಳನ್ನೆಲ್ಲ ಓದಿದ. ಓದಲೆಂದೇ ಕಡತಗಳಿವೆ ಎಂಬುದು ನಮ್ಮ ಕೌಂಟಿಯಲ್ಲಿ ಆವರೆಗೆ ಯಾರಿಗೂ ಹೊಳೆದಿರಲಿಲ್ಲ. ಅಕ್ಟೋಬರಿನ ಒಂದು ಬೆಳಿಗ್ಗೆ, ನಾನು ಏಣಿ ಹಿಂದಿರುಗಿಸಲು ಕ್ವಾಮೆಯವರ ಮನೆಗೆ ಹೋದಾಗ, ಆತ ಹಿಂಬದಿಯ ಕೋಣೆಯಲ್ಲಿ ಬೆಳಕಿನ ಗೆರೆ ಬಿಟ್ಟು ಅಳೆಯುವ ಯಂತ್ರವೊಂದನ್ನು ಕಿಟಕಿಗೆ ಹಿಡಿದು ನಿಂತಿದ್ದ. ಪೆಗ್ ಅವನ ಹಿಂದೆ ನಿಂತು ತನ್ನ ಷೂ ನೋಡಿಕೊಳ್ಳುತ್ತಿದ್ದಳು.

"ಕಿಟಕಿ ಸರಿಯಿದೆ," ಎಂದ ಬ್ರೆಂಟ್, ಅದನ್ನು ತಾನೇ ಕಟ್ಟಿಸಿದವನಂತೆ. "ನಾನು ಬಂದಿದ್ದು ಬಣ್ಣ ನೋಡೋಕೆ. ಕಡತದ ಪ್ರಕಾರ ಈ ಕೋಣೆ ಏಳು ಸಲ ಬಣ್ಣ ಕಂಡಿದೆ. ಅಷ್ಟು ಸಲ ಬಣ್ಣ ಹೊಡೆದ ಗೋಡೆ ನಾನೆಲ್ಲೂ ನೋಡಿಲ್ಲ."

ಆತ ಉಗುರಿನಿಂದ ಗೋಡೆಯನ್ನು ಕೆರೆದ. ಒಂದೇ ಪದರ, ಅದರಡಿ ಮರದ ಹಲಗೆ. ಹದಿನೇಳು ಚಕ್ರದ ಲಾರಿ ಅವನ ಸೊಂಟದ ಪಕ್ಕದಲ್ಲೇ ಇತ್ತು.

"ಒಳ್ಳೇ ಜಾತಿ ಬಣ್ಣ ಅದು. ತುಂಬಾ ತೆಳು," ಎಂದ ಓರಿನ್.

"ಓರಿನ್, ಬಾಯ್ಮುಚ್ಚು," ಎಂದಳು ಆರ್ಡಿಸ್.

ಬ್ರೆಂಟ್ ಯಂತ್ರವನ್ನು ಚೀಲಕ್ಕೆ ಹಾಕಿದ. ಮತ್ತೆ ಮಾತಾಡಿದಾಗ ದನಿಯಲ್ಲಿದ್ದ ಬಿಗಿ ಸ್ವಲ್ಪ ಇಳಿದಿತ್ತು. "ನೋಡಿ ಆರ್ಡಿಸ್. ಹೋದ ತಿಂಗಳು ಮೂರು ಮಕ್ಕಳನ್ನ ನೂರು ಮೈಲಿ ಆಚೆ ಬೇರೆ ಕೌಂಟಿಗೆ ಕಳಿಸ್ದೆ. ಶಾಲೆ ಬಿಡಿಸಿ, ಗೆಳೆಯರನ್ನ ಬಿಡಿಸಿ. ಇಲ್ಲಿ ಹಾಸಿಗೆ ಇರ್ಲಿಲ್ಲ ಅಂತ. ಇಲ್ಲೊಂದು ಹಾಸಿಗೆ ಎಂಟು ವರ್ಷದಿಂದ ಖಾಲಿ. ಮುಂದಿನ ಮಗು ತಗೊಳ್ಳಿ. ಇಲ್ಲಾಂದ್ರೆ ಪರವಾನಗಿ ಮುಚ್ತೀನಿ."

"ಈ ಹಾಸಿಗೆಗೆ ಒಬ್ಬಳಿದಾಳೆ," ಎಂದಳು ಆರ್ಡಿಸ್.

"ಅವಳಿಗೀಗ ಹದಿನಾಲ್ಕು ವರ್ಷ. ಅವಳು ಇಲ್ಲಿಗೆ ಮತ್ತೆ ಬರ್ಬೇಕು ಅಂದ್ರೆ ಅಲ್ಲಿ ಏನೇನಾಗಿರ್ಬೇಕು, ಯೋಚ್ನೆ ಮಾಡಿದೀರಾ?"

"ದಿನಾ," ಎಂದಳು ಆರ್ಡಿಸ್. "ಅದಕ್ಕೇ ಅವಳು ಬರ್ಲಿ ಅಂತ ಯಾರ ಹತ್ರಾನೂ ಬಾಯಿಬಿಟ್ಟು ಕೇಳ್ಕೊಂಡಿಲ್ಲ. ಚರ್ಚಲ್ಲೂ ಇಲ್ಲ."

ಬ್ರೆಂಟ್ ಬಹಳ ಹೊತ್ತು ತನ್ನ ಕಾಗದಗಳನ್ನು ಜೋಡಿಸಿದ. ಅವು ಮೊದಲೇ ಜೋಡಿಸಿಯೇ ಇದ್ದವು. ಆತ ಅಂದು ಬರೆದ ವರದಿ ಆಮೇಲೆ ಕ್ವಾಮೆಯವರ ಅಂಚೆ ಡಬ್ಬಿಗೆ ಬಂತು. ಓರಿನ್ ನನಗೆ ತೋರಿಸಿದ. 'ಕಿಟಕಿ: ನಿಯಮಕ್ಕೆ ತಕ್ಕಂತಿದೆ. ಬಣ್ಣ: ತೃಪ್ತಿಕರ.' ಅಂದಿನಿಂದ ಆತ ಕಾಫಿ ಯಂತ್ರದ ಬಗ್ಗೆಯೂ ಏನಾದರೂ ಮಾಡಿಯಾನೆಂಬ ಆಸೆ ನನಗಿದೆ.

ಫೋನು ಬಂದದ್ದು ನವೆಂಬರಿನಲ್ಲಿ, ಗುರುವಾರ ಮಧ್ಯಾಹ್ನ. ಪೆಗ್‌ಳ ದನಿ ಕೇಳಿದ್ದೇ ಆರ್ಡಿಸ್ ಗೋಡೆ ಹಿಡಿದುಕೊಂಡಳಂತೆ. "ಯಾರು?" ಎಂದಳಂತೆ.

"ಡೆಲ್ಲಾ ಅಂತ. ಏಳು ವರ್ಷ. ನೀನು ನೋಡಿಲ್ಲ."

ಆರ್ಡಿಸ್ ಉಸಿರುಬಿಟ್ಟಳು. ಆ ಉಸಿರಿನಲ್ಲಿ ನೆಮ್ಮದಿ ಎಷ್ಟಿತ್ತು, ಮಿಕ್ಕದ್ದು ಎಷ್ಟಿತ್ತು ಎಂದು ನಾನು ಓರಿನ್‌ನನ್ನು ಕೇಳಲಿಲ್ಲ, ಅವನೂ ಹೇಳಲಿಲ್ಲ. "ಏನು ತಿಂತಾಳೆ?" ಎಂದಳಂತೆ ಅವಳು ಕೊನೆಗೆ.

"ಗೊತ್ತಿಲ್ಲ. ಒಂದು ಗಂಟೇಲಿ ಬರ್ತೀವಿ."

ಡೆಲ್ಲಾ ಯಾರ ಮುಖವನ್ನೂ ನೋಡದೆ ಒಳಗೆ ಬಂದಳು. ಓರಿನ್ ಅವಳಿಗೆ ಕೋಣೆ ತೋರಿಸಲು ಹೋದ. ಅಡುಗೆಮನೆಯಲ್ಲಿ ಪೆಗ್ ರುಜು ಹಾಕಿಸಿಕೊಂಡು ಕೈಗವಸು ತೊಡುತ್ತಿದ್ದಾಗ ಆರ್ಡಿಸ್, "ಹಾಸಿಗೆ ತುಂಬ್ತಲ್ಲ ಪೆಗ್. ಈಗ ಮಾರ್ನಿ ಏನಾದ್ರೂ ಬರ್ಬೇಕಾದ್ರೆ?" ಎಂದಳು.

ಪೆಗ್ ತೊಟ್ಟ ಕೈಗವಸನ್ನು ಮತ್ತೆ ತೆಗೆದಳು. "ಇದನ್ನ ನಾನು ಹೇಳಿಲ್ಲ, ನೀನು ಕೇಳಿಲ್ಲ. ಅವಳ ಕಡತ ಮುಚ್ಚಿ ನೆಲಮಾಳಿಗೆಗೆ ಹೋಗಿ ಎಂಟು ವರ್ಷ ಆಯ್ತು. ಒಂದ್ಸಲಾನೂ ಮೇಲೆ ಬಂದಿಲ್ಲ."

"ಒಂದ್ಸಲಾನೂ?"

"ಒಂದ್ಸಲಾನೂ ಇಲ್ಲ ಮಾರಾಯ್ತಿ."

"ಒಳ್ಳೇದಾಯ್ತು," ಎಂದಳು ಆರ್ಡಿಸ್. "ತುಂಬಾ ಒಳ್ಳೇದಾಯ್ತು." ಪೆಗ್ ಹೋದ ಮೇಲೆ ಫ್ರಿಜ್ಜಿನ ಬಾಗಿಲು ತೆರೆದು ಅದರೊಳಗೆ ಮುಖವಿಟ್ಟು ಬೆಣ್ಣೆ ಹುಡುಕತೊಡಗಿದಳು. ಬೆಣ್ಣೆ ಮೇಜಿನ ಮೇಲೇ ಇತ್ತು. ಕೋಣೆಯಿಂದ ಬಂದ ಓರಿನ್ ಅದನ್ನು ನೋಡಿದ. ಮೂವತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿ, ಬಾಯಿಗೆ ಬಂದ ತಮಾಷೆಯನ್ನು ನುಂಗಿಕೊಂಡನಂತೆ.

ಶಾವಿಗೆ ಬೆಂದ ಮೇಲೆ ಇಬ್ಬರೂ ಹಿಂಬದಿಯ ಕೋಣೆಗೆ ಹೋದರು. ಡೆಲ್ಲಾ ಗೋಡೆಯ ಲಾರಿಗೆ ಎದುರಾಗಿ ಕೂತು ಚಕ್ರಗಳನ್ನು ಎಣಿಸುತ್ತಿದ್ದಳು. ಅವಳ ಒದ್ದೆ ಷೂಗಳು ಹಾಸಿಗೆಯ ಮೇಲಿದ್ದವು, ಒಗೆದ ಹೊದಿಕೆಯ ಮೇಲೆ ಕೆಸರಿನ ಎರಡು ಗುರುತು ಮಾಡಿಕೊಂಡು, ಮೂತಿ ಬಾಗಿಲ ಕಡೆ.

ಓರಿನ್ ಅವನ್ನು ಕೆಳಗಿಡಲು ಬಗ್ಗಿದ. ಆರ್ಡಿಸ್ ಅವನ ಮಣಿಕಟ್ಟು ಹಿಡಿದಳು.

"ಇರ್ಲಿ ಬಿಡು," ಎಂದಳು ಮೆಲ್ಲಗೆ. "ಅವು ಇಳಿಯೋಕೆ ಇನ್ನೂ ಆರು ತಿಂಗಳಿದೆ."