ಪೀಟರ್ ಪೂಜೆಗೆ ಕೂತ ಕಥೆ

ಕಾದಂಬರಿಯ ಕೊನೆಯ ಹನ್ನೊಂದು ಪುಟ ಬಾಕಿ ಇರುವಾಗ ನಮ್ಮವ್ವ ಅದನ್ನು ಸರಸ್ವತಿ ಪೂಜೆಗೆ ಇಟ್ಟುಬಿಟ್ಟಳು.

ನಿಮಗೆ ಗೊತ್ತಲ್ಲ, ನವರಾತ್ರಿಯಲ್ಲಿ ಪೂಜೆಗೆ ಕೂತ ಪುಸ್ತಕವನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ನಮ್ಮ ಮನೆಯಲ್ಲಂತೂ ಭಾರೀ ಸ್ಟ್ರಿಕ್ಟು. ಎಸ್ಟೇಟಿನಲ್ಲಿ ಕಾಫಿ ಹಣ್ಣು ಕುಯ್ದು ನನ್ನನ್ನು ಬಿ.ಎ. ಓದಿಸಿದವಳು ಅವ್ವ. ನಮ್ಮ ವಂಶಕ್ಕೇ ಮೊದಲ ಡಿಗ್ರಿ ನನ್ನದು (ಹೌದು, ಹೋದ ವಾರವೂ ಹೇಳಿದ್ದೆ). ಓದಲು ಬಾರದ ಅವ್ವನಿಗೆ ಅಚ್ಚಾದದ್ದೆಲ್ಲ ಸರಸ್ವತಿಯೇ.

ಈ ಸರಸ್ವತಿ ಸಿಕ್ಕಿದ್ದು ಬಣಕಲ್‌ನ ಗುಜರಿ ಅಂಗಡಿಯಲ್ಲಿ. ಯಾವುದೋ ಬಂಗಲೆಯಿಂದ ಬಂದ ಎಪ್ಪತ್ತು ವರ್ಷ ಹಳೆಯ ಇಂಗ್ಲಿಷ್ ಕಾದಂಬರಿ. ಹೆಲೆನ್, ರೂತ್ ಎಂಬ ಇಬ್ಬರು ಹುಡುಗಿಯರ ಪ್ರೀತಿ. ಊರಿಗೆ ಗೊತ್ತಾದರೆ ಮುಗೀತು. ಮುಖಪುಟದಲ್ಲಿ ಇಬ್ಬರೂ ತೀರಾ ಹತ್ತಿರ ನಿಂತಿದ್ದರಿಂದ ಹಳೇ ಕ್ಯಾಲೆಂಡರಿನ ಬೈಂಡ್ ಹಾಕಿದ್ದೆ. ಲಕ್ಷ್ಮಿಯ ಚಿತ್ರ ಮೇಲೆ ಬಂತು. ಪೂಜೆಗೆ ಇನ್ನೇನು ಬೇಕು?

ಓದಿದ್ದನ್ನು ಸಂಜೆ ಅವ್ವನಿಗೆ ಹೇಳುವುದು ಹೈಸ್ಕೂಲಿನಿಂದ ಬಂದ ರೂಢಿ. ಈ ಕಥೆಯನ್ನು ಹೇಗೆ ಹೇಳುವುದು? ರೂತಳನ್ನು ಪೀಟರ್ ಮಾಡಿದೆ. ಐದು ದಿನ ಪೀಟರ್ ಕದ್ದು ಕಾಗದ ಬರೆದ, ರೈಲ್ವೆ ಸ್ಟೇಷನ್ನಿನಲ್ಲಿ ಕಾದ, ಅತ್ತ. ಆರನೆಯ ದಿನ ಬಾಯಿ ಜಾರಿತು. ಹೆಲೆನ್ ಅವನ ಲಂಗಕ್ಕೆ ಇಸ್ತ್ರಿ ಹಾಕಿಬಿಟ್ಟಳು.

ಅವ್ವ ಏನೂ ಕೇಳಲಿಲ್ಲ. ಬಚಾವಾದೆ ಅಂದುಕೊಂಡೆ.

ಮರುದಿನವೇ ಪೂಜೆ. ಕಥೆಯಲ್ಲಿ ಹೆಲೆನ್ ಟ್ರಂಕು ಹಿಡಿದು ಸ್ಟೇಷನ್ನಿಗೆ ಬಂದಿದ್ದಾಳೆ, ಹಿಂದೆಯೇ ಅವಳಣ್ಣ. ರೈಲು ಹತ್ತಿದಳೋ, ಅಣ್ಣ ಎಳೆದುಕೊಂಡು ಹೋದನೋ? ನನಗೆ ಊಟ ಸೇರಲಿಲ್ಲ.

ದಶಮಿಗೆ ಇನ್ನೂ ಎರಡು ದಿನವಿತ್ತು. ಅವ್ವ ದೇವರ ಮುಂದೆ ಕೆನ್ನೆ ಕೆನ್ನೆ ಬಡಿದುಕೊಂಡು, ಕುಂಕುಮ ಮೆತ್ತಿದ ಪುಸ್ತಕವನ್ನು ತಂದು ನನ್ನ ಮಡಿಲಿಗೆ ಹಾಕಿದಳು.

"ಓದು. ತಾಯಿ ಹತ್ರ ತಪ್ಪಾಯ್ತು ಅಂದಿದೀನಿ. ಆ ಹುಡುಗೀರು ಏನಾದ್ರೋ ಏನೋ, ತಡಿಯಕ್ಕಾಗಲ್ಲ ಮಾರಾಯ್ತಿ."

"ಹುಡುಗೀರಾ?"

"ಲಂಗ ಹಾಕೋ ಪೀಟರನ್ನ ನಾನೆಲ್ಲೂ ನೋಡಿಲ್ಲ. ಅಂಥ ಜೋಡೀನ ನೋಡಿದೀನಿ, ನಮ್ಮ ಎಸ್ಟೇಟಿನ ಕೂಲಿ ಲೈನ್ ಮನೇಲೇ ಇದ್ರು. ಒಂದೇ ಕೊಡೇಲಿ ಕೆಲಸಕ್ಕೆ ಬರೋರು."

ಓದಿ ಹೇಳಿದೆ. ಇಬ್ಬರೂ ರೈಲು ಹತ್ತಿದರು. ಅಣ್ಣ ಪ್ಲಾಟ್‌ಫಾರಮ್ಮಿನಲ್ಲೇ ಉಳಿದ. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಪುಸ್ತಕವನ್ನು ಕಣ್ಣಿಗೊತ್ತಿ ಮತ್ತೆ ಪೂಜೆಗೆ ಕೂರಿಸಿದಳು.

"ದಶಮಿ ಕಳೀಲಿ, ಮೊದಲಿಂದ ಹೇಳು. ಆ ಪೀಟರ್ ಬೇಡ."

ಹಾಗಾದರೆ ಇಷ್ಟು ದಿನ ಪೀಟರ್ ಬೇಕಾಗಿದ್ದದ್ದು ಯಾರಿಗೆ?